ತಕ್ಕಡಿಯಿಂದ ಛಾಯಾಚಿತ್ರಕ್ಕೆ

ತೂಕ ಇಳಿಸುವವರು ಆಗಾಗ ತಮ್ಮ ಛಾಯಾಚಿತ್ರ ತೆಗೆದು ಹೋಲಿಸಿ ನೋಡುವುದನ್ನು ನೀವು ಕಂಡಿರಬಹುದು. ಈ ಸ್ವಪರೀಕ್ಷೆಯ ಮೂಲ ತಕ್ಕಡಿಯಲ್ಲಿದೆ. ಇಟಲಿಯ ವೈದ್ಯ ಸಾಂಟೋರಿಯೊ ತಕ್ಕಡಿಗೆ ತೂಗುಹಾಕಿದ ಕುರ್ಚಿಯಲ್ಲಿ ಕುಳಿತು ವರ್ಷಗಟ್ಟಲೆ ತನ್ನನ್ನೇ ತೂಗಿಕೊಂಡು, 1614ರಲ್ಲಿ ಫಲಿತಾಂಶ ಪ್ರಕಟಿಸಿದ. 1839ರಲ್ಲಿ ಡಾಗೇರನ ಛಾಯಾಗ್ರಹಣ ವಿಧಾನ ಬಹಿರಂಗವಾದ ಬಳಿಕ ದೇಹದ ಆಕಾರವನ್ನೂ ದಾಖಲಿಸುವುದು ಸಾಧ್ಯವಾಯಿತು. ಬೆಂಗಳೂರಿನ ವ್ಯಾಯಾಮಪಟು ಕೆ. ವಿ. ಅಯ್ಯರ್ 1930ರ ತಮ್ಮ 'ಮಸಲ್ ಕಲ್ಟ್' ಪುಸ್ತಕದಲ್ಲಿ ತಮ್ಮ ಮೈಕಟ್ಟಿನ ಚಿತ್ರಗಳನ್ನೇ ಓದುಗರ ಮುಂದಿಟ್ಟರು.

ಅಂಥ ಚಿತ್ರ ಗುರಿಯನ್ನು ತೋರಿಸೀತು. ನೀವು ಎಷ್ಟು ದೂರ ಬಂದಿರಿ ಎಂದು ತಿಳಿಯಲು ನಿಮ್ಮದೇ ಹಳೆಯ ಚಿತ್ರ ಬೇಕು. ಒಂದು ಲೀಟರ್ ನೀರು ಕುಡಿದರೆ ತಕ್ಕಡಿ 1 ಕಿಲೋಗ್ರಾಂ ಹೆಚ್ಚು ತೋರಿಸುತ್ತದೆ. ಎಷ್ಟೋ ಮಂದಿ ಇಂಥ ಏರಿಳಿತ ಕಂಡು ಕೈಚೆಲ್ಲುತ್ತಾರೆ. ತಿಂಗಳಿಗೊಂದು ಚಿತ್ರ ಅವರಿಗೆ ಧೈರ್ಯ ತುಂಬಬಲ್ಲದು.

ಆದರೆ ಚಿತ್ರವೂ ಮೋಸಮಾಡಬಹುದು. ಕೊಡಗಿನ ಶಿಕ್ಷಕರು ತರಗತಿಯಲ್ಲೇ ಇದನ್ನು ಪರೀಕ್ಷಿಸಬಹುದು. ಒಂದು ಮಣ್ಣಿನ ಮಡಕೆಯ ಚಿತ್ರವನ್ನು ಜುಲೈ ತಿಂಗಳ ಮೋಡದ ಬೆಳಕಿನಲ್ಲಿ ತೆಗೆಯಿರಿ. ಜನವರಿಯ ಓರೆಬಿಸಿಲಿನಲ್ಲಿ ಮತ್ತೊಮ್ಮೆ ತೆಗೆಯಿರಿ. ಮೊದಲನೆಯದರಲ್ಲಿ ನೆರಳು ಮಸುಕು, ಎರಡನೆಯದರಲ್ಲಿ ಉಬ್ಬುತಗ್ಗುಗಳೆಲ್ಲ ಸ್ಪಷ್ಟ. ಮಡಕೆ ಮಾತ್ರ ಅದೇ! ಆದ್ದರಿಂದ ಬೆಳಕು, ದೂರ, ಭಂಗಿ, ಉಡುಪು ಪ್ರತಿ ಬಾರಿಯೂ ಒಂದೇ ಆಗಿರಲಿ. ಆಗ ಚಿತ್ರದಲ್ಲಿ ಕಾಣುವ ವ್ಯತ್ಯಾಸ ನಿಮ್ಮ ಶ್ರಮದ ಫಲವೆಂದು ನಂಬಬಹುದು.