ದುರ್ಗಾಸ್ತಮಾನ ಮುಗಿಸದವನ ತಪ್ಪೊಪ್ಪಿಗೆ

ನಮ್ಮೂರು ಬಬ್ಬೂರು. ಹಿರಿಯೂರಿನ ಪಕ್ಕದಲ್ಲೇ. ಕೃಷಿ ಸಂಶೋಧನಾ ಕೇಂದ್ರ ಇರೋದರಿಂದ ಹೊರಗಿನವರಿಗೆ 'ಬಬ್ಬೂರು ಫಾರಂ' ಅಂದರೆ ಬೇಗ ಗೊತ್ತಾಗುತ್ತೆ. ಇಲ್ಲಿಂದ ಚಿತ್ರದುರ್ಗದ ಕೋಟೆ 40 ಕಿ.ಮೀ. ಆಸುಪಾಸು. ಇಷ್ಟು ಹತ್ತಿರದಲ್ಲಿ ಹುಟ್ಟಿಯೂ ತರಾಸು ಅವರ 'ದುರ್ಗಾಸ್ತಮಾನ'ವನ್ನು ನಾನು ಪೂರ್ತಿ ಓದಿಲ್ಲ. ಎರಡು ಸಲ ಹಿಡಿದೆ, ಎರಡು ಸಲವೂ ಕೆಳಗಿಟ್ಟೆ.

ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ಅಪ್ಪ "ಎಲ್ಲಿಗೆ ಬಂತೋ?" ಅಂತ ಕೇಳಿದಾಗ "ಮುಗೀತಪ್ಪ" ಅಂದುಬಿಟ್ಟೆ! ಸಿಕ್ಕಿಬೀಳಲಿಲ್ಲ. ಯಾಕೆಂದರೆ ಕೊನೆ ಎಲ್ಲರಿಗೂ ಗೊತ್ತಲ್ಲ... 1779ರಲ್ಲಿ ಹೈದರಾಲಿ ಕೋಟೆ ಹಿಡಿದ, ಮದಕರಿ ನಾಯಕನನ್ನು ಸೆರೆ ಮಾಡಿ ಶ್ರೀರಂಗಪಟ್ಟಣಕ್ಕೆ ಒಯ್ದ. ಓದದೇ ಓದಿದೆ ಅನ್ನೋದಕ್ಕೆ ಐತಿಹಾಸಿಕ ಕಾದಂಬರಿಯಷ್ಟು ಅನುಕೂಲ ಬೇರೆ ಇಲ್ಲ.

ತರಾಸು ದುರ್ಗದ ಇತಿಹಾಸದ ಮೇಲೆ ಬರೆದ ಕಾದಂಬರಿಗಳಲ್ಲಿ ಇದೇ ಕೊನೆಯದು. ಅವರು ತೀರಿಕೊಂಡದ್ದು 1984ರಲ್ಲಿ. ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಮರುವರ್ಷ. ಆಮೇಲೆ ನಮ್ಮ ಜಿಲ್ಲೆಯವರಿಗೆ ಇದು ಓದಲೇಬೇಕಾದ ಪುಸ್ತಕ. ದಳವಾಯಿ ಮುದ್ದಣ್ಣನ ಕಾಲದ 'ಕಂಬನಿಯ ಕುಯಿಲು', 'ರಕ್ತರಾತ್ರಿ', 'ತಿರುಗುಬಾಣ' ಮೂರನ್ನೂ ಊಟ ಬಿಟ್ಟು ಓದಿದ್ದೆ. ಅಲ್ಲಿ ಮುಂದೇನು ಅಂತ ಗೊತ್ತಿರಲಿಲ್ಲ. ಇಲ್ಲಿ ಗೊತ್ತಿತ್ತು. 1754ರಲ್ಲಿ ಇನ್ನೂ ಹುಡುಗನಾಗಿದ್ದ ಮದಕರಿಗೆ ಪಟ್ಟವಾಯಿತು. ಅಲ್ಲಿಂದ ಕೋಟೆ ಬೀಳೋವರೆಗೆ 25 ವರ್ಷ. ನಾನು ಹೈದರಾಲಿಗೆ ಕಾಯುತ್ತಾ ಕೂತೆ. ಮಾತುಕತೆ, ಮಂತ್ರಾಲೋಚನೆ, ಬಂಧುಬಳಗ ಎಲ್ಲ ಅಡ್ಡ ಬಂದಂತೆ ಕಂಡವು. ಕಣ್ಣು ಸಾಲಿನ ಮೇಲೆ, ಮನಸ್ಸು ಇನ್ನೆಲ್ಲೋ.

ಆದರೆ ಕೊನೆ ಗೊತ್ತಿರೋದೇ ಕಾರಣ ಅನ್ನೋಣ ಅಂದರೆ, ಕುಮಾರವ್ಯಾಸ ಭಾರತದ ಕೊನೆ ಯಾರಿಗೆ ಗೊತ್ತಿರಲಿಲ್ಲ ಹೇಳಿ? ಆದರೂ ಊರೂರಲ್ಲಿ ಗಮಕ ಕೇಳುತ್ತಿದ್ದರು. ನಿದ್ದೆ ಬಂದರೆ ಎದ್ದು ಹೋಗೋರು, ನಾಳೆ ಮತ್ತೆ ಬಂದು ಕೂರೋರು. ಅರ್ಧಕ್ಕೆ ಬಿಟ್ಟೆ ಅಂತ ಯಾರಿಗೂ ನಾಚಿಕೆ ಇರಲಿಲ್ಲ. ಕೆಂಪುನಾರಾಯಣನ 'ಮುದ್ರಾಮಂಜೂಷ' 1823ರದ್ದು, ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' 1899ರದ್ದು. ಕೈಯಲ್ಲಿ ಹಿಡಿದು ಒಬ್ಬನೇ ಮೊದಲ ಪುಟದಿಂದ ಕೊನೆಯವರೆಗೆ ಓದೋ ಕಾದಂಬರಿ ನಮ್ಮಲ್ಲಿ ಹೊಸತು. ಮುಗಿಸಲಿಲ್ಲ ಅನ್ನೋ ಅಳುಕೂ ಅದರ ಜೊತೆಗೇ ಬಂದಿರಬೇಕು.

ನಾನು ಎರವಲು ತಂದ ಪ್ರತಿಯೇ ಇದಕ್ಕೆ ಸಾಕ್ಷಿ. ಮೊದಲ ನೂರಿನ್ನೂರು ಪುಟಗಳ ಮೂಲೆ ಬೆರಳು ತಾಗಿ ಕಪ್ಪಾಗಿವೆ. ಆಮೇಲೆ ಬರಬರುತ್ತಾ ಪುಟ ಬೆಳ್ಳಗೆ! ನನ್ನಂಥವರು ಹಿಂದೆಯೂ ಇದ್ದರು ಅಂತ ಸಮಾಧಾನವಾಯಿತು.

ತಪ್ಪು ತರಾಸು ಅವರದ್ದಲ್ಲ, ಬಿಟ್ಟದ್ದೂ ಪಾಪವಲ್ಲ ಅನಿಸುತ್ತೆ. ಜಿಲ್ಲೆಯ ಋಣ ಅಂತ ಓದಿದೆ, ಋಣ ಅಂದಮೇಲೆ ಅದು ಓದಲ್ಲ, ಕಂತು. ಅವರು ಬರೆದದ್ದು ಆ 25 ವರ್ಷವನ್ನು, ನನಗೆ ಬೇಕಿದ್ದದ್ದು ಒಂದು ಇಸವಿ. ಇಸವಿ ಪಠ್ಯಪುಸ್ತಕದಲ್ಲೇ ಇತ್ತು.

ಈ ಸಲ ಊರಿಗೆ ಹೋದಾಗ ಅಪ್ಪನಿಗೆ ನಿಜ ಹೇಳಬೇಕು. ಓದಿಲ್ಲ ಅನ್ನೋದಕ್ಕಿಂತ ಓದಿದೆ ಅಂದದ್ದೇ ಚುಚ್ಚುತ್ತಿದೆ.

ನೀವು ಓದದೇ "ಮುಗೀತು" ಅಂದ ಪುಸ್ತಕ ಯಾವುದು? ಸುಳ್ಳು ಹೇಳಬೇಡಿ ಮತ್ತೆ :)