ಬನಶಂಕರಿ ಜಾತ್ರೆ ನಾಟಕ: ಆಟಕ್ಕೆ ಮುಂಚೆ ಊಟ ಎಲ್ಲಿ, ಎಷ್ಟೊತ್ತಿಗೆ? ಇಲ್ಲಿದೆ ಪೂರ್ತಿ ಮಾಹಿತಿ

ಬಾದಾಮಿ: ಬನಶಂಕರಿ ಜಾತ್ರೆಗೆ ಹೋಗಿ ತೇರು ನೋಡಿ, ಬಳೆ ಇಡಿಸಿಕೊಂಡು, ನಾಟಕ ನೋಡದೇ ವಾಪಸ್ ಬಂದರೆ ನಮ್ಮ ಕಡೆ "ಹಂಗಾದ್ರ ಜಾತ್ರಿಗೆ ಯಾಕ ಹೋಗಿದ್ದಿ?" ಅಂತ ಕೇಳುವವರೇ ಹೆಚ್ಚು. ನಾಟಕದ ದಿನ ಎಲ್ಲರಿಗೂ ಟಿಕೆಟ್‌ದೇ ಚಿಂತೆ. ಯಾವ ಕಂಪನಿ, ಯಾವ ನಾಟಕ, ಮುಂದಿನ ಕುರ್ಚಿ ಸಿಗುತ್ತೋ ಇಲ್ಲೋ ಅಂತ ಒಂದು ವಾರದಿಂದ ಮಾತಾಡುತ್ತಾರೆ. ಊಟ ಎಲ್ಲಿ ಮಾಡೋದು ಅನ್ನೋದು ಮಾತ್ರ ಥಿಯೇಟರ್ ಮುಂದೆ ನಿಂತ ಮೇಲೆ ನೆನಪಾಗುತ್ತದೆ. ಅಷ್ಟೊತ್ತಿಗೆ ಖಾನಾವಳಿ ತುಂಬಿರುತ್ತದೆ, ಇತ್ತ ಬೆಲ್ ಹೊಡೆದಿರುತ್ತದೆ.

ಈ ಬರಹ ಅದಕ್ಕಾಗಿಯೇ. ಬಿ.ಎ. ಅರ್ಧಕ್ಕೆ ಬಿಟ್ಟ ಮೇಲೆ ಎರಡು ವರ್ಷ ಇದೇ ಜಾತ್ರೆಯ ಒಂದು ಖಾನಾವಳಿಯಲ್ಲಿ ತಾಟು ಇಟ್ಟು, ನೀರು ಕೊಟ್ಟು ಕೆಲಸ ಮಾಡಿದ್ದೇನೆ. ಯಾವ ಹೊತ್ತಿಗೆ ಬಂದವರು ಬಿಸಿ ರೊಟ್ಟಿ ತಿಂತಾರೆ, ಯಾವ ಹೊತ್ತಿಗೆ ಬಂದವರು ಬೈದು ಹೋಗ್ತಾರೆ ಅನ್ನೋದನ್ನು ಒಳಗಿನಿಂದ ನೋಡಿದ್ದೇನೆ.

ಜಾತ್ರೆ ಯಾವಾಗ?

ಬಾದಾಮಿಯಿಂದ ಸುಮಾರು 5 ಕಿ.ಮೀ. ದೂರದ ಚೊಳಚಗುಡ್ಡದ ಹತ್ತಿರ ಬನಶಂಕರಿ ಗುಡಿ. ಪುಷ್ಯ ಮಾಸದ ಹುಣ್ಣಿಮೆ, ಅಂದ್ರೆ ಬನದ ಹುಣ್ಣಿಮೆ ದಿನ ರಥೋತ್ಸವ. ಇಂಗ್ಲಿಷ್ ಕ್ಯಾಲೆಂಡರ್‌ನಲ್ಲಿ ದಿನ ಬದಲಾಗುತ್ತಾ ಇರುತ್ತದೆ. 2025ರಲ್ಲಿ ಜನವರಿ 13ಕ್ಕೆ ಬಂದಿತ್ತು, 2026ರಲ್ಲಿ ಜನವರಿ 3ಕ್ಕೇ ಬಂತು. ತೇರಿಗೆ ಮುಂಚೆ ಪಲ್ಲೇದ ಹಬ್ಬ. ಅವತ್ತು ಶಾಕಂಬರಿ ದೇವಿಗೆ 108 ಬಗೆಯ ತರಕಾರಿ ಅಡುಗೆಯ ನೈವೇದ್ಯ. ತೇರು ಮುಗಿದರೂ ಜಾತ್ರೆ ಮುಗಿಯಲ್ಲ. ನಾಟಕ ಕಂಪನಿಗಳು ಹೆಚ್ಚುಕಡಿಮೆ ಒಂದು ತಿಂಗಳು ಬೀಡುಬಿಟ್ಟಿರುತ್ತವೆ.

ಹಾಗಾಗಿ ಊಟ, ನಾಟಕ ಎರಡೂ ನೆಮ್ಮದಿಯಿಂದ ಆಗಬೇಕು ಅಂದರೆ ತೇರಿನ ದಿನ, ಅದರ ಮರುದಿನ ಬಿಟ್ಟು ಹೋಗ್ರಿ. ಒಂದು ವಾರ ಕಳೆದ ಮೇಲೆ, ಶನಿವಾರ ಭಾನುವಾರ ಅಲ್ಲದ ದಿನ ಹೋದರೆ ಕುರ್ಚಿಯೂ ಸಿಗುತ್ತದೆ, ಬಿಸಿ ರೊಟ್ಟಿಯೂ ಸಿಗುತ್ತದೆ.

ಒಂದೇ ಮಾತು ನೆನಪಿಡಿ: ಹಿಂದಿನ ಆಟ ಬಿಡೋ ಮುಂಚೆ ಉಣ್ಣಿ

ಜಾತ್ರೆಯಲ್ಲಿ ಒಂದೊಂದು ಕಂಪನಿ ದಿನಕ್ಕೆ ಒಂದಕ್ಕಿಂತ ಹೆಚ್ಚು ಆಟ ಹಾಕುತ್ತದೆ. ಒಂದು ಆಟ ಸುಮಾರು ಎರಡೂವರೆಯಿಂದ ಮೂರು ತಾಸು. ಅಕ್ಕಪಕ್ಕದ ಕಂಪನಿಗಳ ಆಟ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಬಿಡುತ್ತವೆ. ಆಗ ನೂರಾರು ಜನ ಒಟ್ಟಿಗೆ ಹಸಿದುಕೊಂಡು ಹೊರಗೆ ಬರ್ತಾರೆ. ಅದೇ ಹೊತ್ತಿಗೆ ಮುಂದಿನ ಆಟಕ್ಕೆ ಬಂದವರೂ ಊಟಕ್ಕೆ ನುಗ್ತಾರೆ. ಖಾನಾವಳಿಗೆ ಅದು ದಿನದ ಅತಿ ಕೆಟ್ಟ ಅರ್ಧ ತಾಸು. ರೊಟ್ಟಿ ಬಡಿಯೋ ಹೆಣ್ಮಕ್ಕಳ ಕೈ ಎರಡೇ. ಎಷ್ಟು ಅವಸರ ಮಾಡಿದರೂ ಹಂಚಿನ ಮೇಲೆ ಒಂದು ಸಲಕ್ಕೆ ಒಂದೇ ರೊಟ್ಟಿ ಬೇಯುತ್ತದೆ.

ಲೆಕ್ಕ ಹೀಗೆ ಹಾಕಿ:

• ನಿಮ್ಮ ಆಟ ರಾತ್ರಿ 10ಕ್ಕೆ ಇದ್ದು, ಹಿಂದಿನ ಆಟ ಸಂಜೆ 6.30ಕ್ಕೆ ಶುರುವಾಗಿದ್ದರೆ ಅದು 9ರಿಂದ 9.30ರೊಳಗೆ ಬಿಡುತ್ತದೆ. ನೀವು 8ಕ್ಕೆ ತಾಟಿನ ಮುಂದೆ ಕೂತಿರಬೇಕು, 8.45ಕ್ಕೆ ಕೈ ತೊಳೆದಿರಬೇಕು.

• ನಿಮ್ಮ ಆಟವೇ 6.30ಕ್ಕೆ ಇದ್ದರೆ ರಾತ್ರಿ ಊಟ ಆಟಕ್ಕೆ ಮುಂಚೆ ಆಗಲ್ಲ. 5 ಗಂಟೆಗೆ ಖಾನಾವಳಿ ಒಲೆ ಇನ್ನೂ ಸರಿಯಾಗಿ ಹತ್ತಿರಲ್ಲ. ಮಧ್ಯಾಹ್ನದ ಊಟವನ್ನು 3 ಗಂಟೆಗೆ ತಡಮಾಡಿ ಮಾಡಿ, 5.30ಕ್ಕೆ ಗಿರ್ಮಿಟ್ಟೋ ಅವಲಕ್ಕಿಯೋ ತಿಂದು ಒಳಗೆ ಹೋಗಿ.

• ಟಿಕೆಟ್ ಮೊದಲು, ಊಟ ಆಮೇಲೆ. ಟಿಕೆಟ್ ಕೈಯಲ್ಲಿದ್ದರೆ ಊಟದಲ್ಲಿ ಗಾಬರಿ ಇರಲ್ಲ.

ಆಟದ ಟೈಮ್ ದಿನಕ್ಕೊಂದು ಥರ ಬದಲಾಗಬಹುದು. ಹಿಂದಿನ ವರ್ಷದ ಟೈಮ್ ನಂಬಬೇಡಿ. ಥಿಯೇಟರ್ ಮುಂದಿನ ಬೋರ್ಡ್ ನೋಡಿ, ಇಲ್ಲಾಂದ್ರೆ ಊರೊಳಗೆ ಅನೌನ್ಸ್ ಮಾಡುತ್ತಾ ಬರೋ ಗಾಡಿಯವರನ್ನೇ ನಿಲ್ಲಿಸಿ ಕೇಳಿ.

ಎಲ್ಲಿ ಏನು ಸಿಗುತ್ತದೆ?

ಗುಡಿ ಮುಂದಿನ ರೊಟ್ಟಿ ಬುಟ್ಟಿ: ಗುಡಿ ಅಂಗಳ, ಹರಿದ್ರಾ ತೀರ್ಥ ಹೊಂಡದ ಸುತ್ತ ಬುಟ್ಟಿ ಹೊತ್ತು ಬರುವ ನಮ್ಮ ಹೆಣ್ಮಕ್ಕಳು ಗೊತ್ತೇ ಇದ್ದಾರೆ. ಜೋಳದ ರೊಟ್ಟಿ, ಸಜ್ಜೆ ರೊಟ್ಟಿ, ಮುಳಗಾಯಿ ಪಲ್ಯ, ಕಾಳು ಪಲ್ಯ, ಶೇಂಗಾ ಚಟ್ನಿ, ಕೆಂಪು ಖಾರ, ಗಡಿಗೆಯಲ್ಲಿ ಕೆನೆ ಮೊಸರು. ರುಚಿಗೆ ಇದನ್ನು ಮೀರಿಸೋದು ಜಾತ್ರೆಯಲ್ಲಿ ಯಾವುದೂ ಇಲ್ಲ. ಆದರೆ ಇದು ಹಗಲಿನ ಊಟ. ಹೆಚ್ಚಿನವರು ಹೊತ್ತು ಮುಳುಗುವುದರೊಳಗೆ ಬುಟ್ಟಿ ಖಾಲಿ ಮಾಡಿಕೊಂಡು ಎದ್ದುಬಿಡ್ತಾರೆ. ಸಂಜೆ ಆಟಕ್ಕೆ ಹೋಗೋರು 3 ಗಂಟೆ ಊಟ ಇಲ್ಲೇ ಮಾಡಿ. ರಾತ್ರಿ ಆಟದವರು ಕಡಕ್ ರೊಟ್ಟಿ, ಚಟ್ನಿ ಕಟ್ಟಿಸಿಕೊಂಡು ಇಟ್ಟುಕೊಳ್ಳಬಹುದು.

ಜಾತ್ರೆ ಬಯಲಿನ ಖಾನಾವಳಿ: ತಗಡು, ತಾಡಪತ್ರಿ ಹಾಕಿದ ಇವು ಥಿಯೇಟರ್‌ಗೆ ಹತ್ತಿರ. ರೊಟ್ಟಿ, ಎರಡು ಪಲ್ಯ, ಅನ್ನ, ಸಾರು, ಮಜ್ಜಿಗೆ. ಬೆಲ್ ಹೊಡೆದದ್ದು ಕೂತಲ್ಲೇ ಕೇಳಿಸುತ್ತದೆ, ಅದೇ ಇವುಗಳ ದೊಡ್ಡ ಲಾಭ. ಶೌಚಾಲಯ ಹತ್ತಿರ ಇರಲ್ಲ, ಅದೇ ದೊಡ್ಡ ಕೊರತೆ.

ಬಾದಾಮಿ ಊರೊಳಗಿನ ಹೋಟೆಲ್: ಬಸ್ ಸ್ಟ್ಯಾಂಡ್ ಎದುರು, ಸ್ಟೇಷನ್ ರಸ್ತೆಯಲ್ಲಿ ಖಾನಾವಳಿ, ಉಡುಪಿ ಮಾದರಿ ಹೋಟೆಲ್, ಪ್ರವಾಸಿಗರು ಬರೋ ಫ್ಯಾಮಿಲಿ ರೆಸ್ಟೋರೆಂಟ್ ಎಲ್ಲಾ ಇವೆ. ರಾಮದುರ್ಗ ರಸ್ತೆಯಲ್ಲಿ ಕೆಎಸ್‌ಟಿಡಿಸಿಯ ಮಯೂರ ಚಾಲುಕ್ಯ ಇದೆ. ಕೂರೋಕೆ ಜಾಗ, ಕೈ ತೊಳೆಯೋಕೆ ನೀರು, ಶೌಚಾಲಯ ಬೇಕು ಅನ್ನೋರಿಗೆ ಊರೇ ಅನುಕೂಲ. ಆದರೆ ಅಲ್ಲಿಂದ ಜಾತ್ರೆಗೆ 5 ಕಿ.ಮೀ. ಅಂತ ಹತ್ತು ನಿಮಿಷದ ಲೆಕ್ಕ ಹಾಕಬೇಡಿ. ಜಾತ್ರೆ ದಟ್ಟಣೆಯಲ್ಲಿ ಮುಕ್ಕಾಲು ತಾಸು ಕೈಯಲ್ಲಿಟ್ಟುಕೊಳ್ಳಿ.

ಮಿರ್ಚಿ, ಗಿರ್ಮಿಟ್ ಗಾಡಿ: ಹೊಟ್ಟೆ ತುಂಬಿಸಲ್ಲ, ಹಸಿವು ತಡೆಯುತ್ತದೆ. ಗಿರ್ಮಿಟ್ ಸರಿ. ನಾಲ್ಕು ಮಿರ್ಚಿ ತಿಂದು ಮೂರು ತಾಸು ಕುರ್ಚಿಯಲ್ಲಿ ಕೂರೋದು ಅಂದರೆ ನಾಟಕದ ವಿಲನ್‌ಗಿಂತ ಹೊಟ್ಟೆಯೇ ಹೆಚ್ಚು ಕಾಡುತ್ತದೆ.

ಮನೆ ಬುತ್ತಿ: ಹತ್ತು ಜನ ಟ್ರ್ಯಾಕ್ಟರ್, ಟಂಟಂ ಮಾಡಿಕೊಂಡು ಬರೋರಿಗೆ ಇವತ್ತಿಗೂ ಇದೇ ಪಕ್ಕಾ. ರೊಟ್ಟಿ, ಗುರೆಳ್ಳು ಚಟ್ನಿ, ಮೊಸರನ್ನ. ಗಾಡಿ ನಿಲ್ಲಿಸಿದಲ್ಲೇ ಉಂಡು ಹೊರಡಬಹುದು.

ಖಾನಾವಳಿ ಆರಿಸೋದು ಹೇಗೆ?

ಬೋರ್ಡ್ ದೊಡ್ಡದೋ ಸಣ್ಣದೋ ಅಂತ ನೋಡಬೇಡಿ. ಕಿವಿ ಕೊಡಿ. ರೊಟ್ಟಿ ಬಡಿಯೋ ಸಪ್ಪಳ ಕೇಳಿಸುತ್ತಿದ್ದರೆ ಬಿಸಿ ರೊಟ್ಟಿ ಗ್ಯಾರಂಟಿ. ಸಪ್ಪಳ ಇಲ್ಲ, ಮೂಲೆಯಲ್ಲಿ ರೊಟ್ಟಿ ಅಟ್ಟಿ ಮಾತ್ರ ಇದೆ ಅಂದರೆ ಅವು ಮಧ್ಯಾಹ್ನದವು.

ಕೂರೋ ಮುಂಚೆ ಮೂರು ಪ್ರಶ್ನೆ ಕೇಳಿ. ಊಟಕ್ಕೆ ಎಷ್ಟು? ಅದರಲ್ಲಿ ರೊಟ್ಟಿ ಎಷ್ಟು? ಮೇಲಿನ ರೊಟ್ಟಿಗೆ ಎಷ್ಟು? ಜಾತ್ರೆ ಜಗಳದಲ್ಲಿ ಅರ್ಧ ಇದನ್ನು ಕೇಳದೇ ಕೂತಿದ್ದಕ್ಕೇ ಆಗೋದು. "ಆಟ ಎಷ್ಟೊತ್ತಿಗೆ ಐತಿ ಅಂತ ಮೊದಲ ಹೇಳಿಬಿಡ್ರಿ" ಅಂತ ನಮ್ಮ ಮಾಲೀಕರು ಗಿರಾಕಿಗಳಿಗೆ ಹೇಳುತ್ತಿದ್ದರು. ಆಟಕ್ಕೆ ಹೋಗೋರಿಗೆ ಮೊದಲು ರೊಟ್ಟಿ, ಆಟ ಮುಗಿಸಿ ಬಂದವರಿಗೆ ಆಮೇಲೆ. ನೀವು ಹೇಳಿದರೆ ತಾನೇ ಅವರಿಗೆ ಗೊತ್ತಾಗೋದು.

ರೊಕ್ಕ ಕೈಯಲ್ಲಿರಲಿ. ಗದ್ದಲದಲ್ಲಿ ನೆಟ್‌ವರ್ಕ್ ಕೈಕೊಡುತ್ತದೆ, ಸ್ಕ್ಯಾನ್ ಮಾಡಿದ್ದು ಸುತ್ತುತ್ತಲೇ ಇರುತ್ತದೆ.

ಏನು ತಿನ್ನೋದು ಒಳ್ಳೇದು?

ಎರಡು ರೊಟ್ಟಿ, ಕಾಳು ಪಲ್ಯ, ಸ್ವಲ್ಪ ಅನ್ನ ಮಜ್ಜಿಗೆ ಸಾಕು. ಜನವರಿಯಲ್ಲಿ ಹಸಿ ಕೆಂಪು ಮೆಣಸಿನಕಾಯಿ ರಂಜಕ ಘಮಘಮ ಅಂತಿರುತ್ತದೆ, ಕೈ ತಡೆಯಲ್ಲ. ಆದರೆ ಖಾರ ಹೆಚ್ಚಾದರೆ ನೀರು ಹೆಚ್ಚು, ನೀರು ಹೆಚ್ಚಾದರೆ ನಡುವೆ ಎದ್ದು ಹೋಗಬೇಕು. ಸಾವಜಿ ಮಟನ್ ಊಟದ ಆಸೆ ಇದ್ದವರು ಅದನ್ನು ಬೇರೆ ದಿನಕ್ಕೆ ಇಟ್ಟುಕೊಳ್ಳಿ. ಎಣ್ಣೆ, ಖಾರ ಎರಡೂ ಜಾಸ್ತಿ. ಮೇಲೆ ರಾತ್ರಿ ಚಳಿ ಬೇರೆ, ಹಿಂದಿನ ಸಾಲಲ್ಲಿ ಕೂತರೆ ಸೀನ್ ಬದಲಾಗುವುದರೊಳಗೆ ನಿದ್ದೆ.

ಸಕ್ಕರೆ ಕಾಯಿಲೆ ಇರೋರು ದಯವಿಟ್ಟು ಓದಿ

ಇದನ್ನು ನಮ್ಮ ಮನೆಯದೇ ಕಥೆಯಿಂದ ಹೇಳ್ತೀನಿ. ನಮ್ಮ ಸೋದರಮಾವನಿಗೆ ಕಂಪನಿ ನಾಟಕ ಅಂದರೆ ಪ್ರಾಣ. ಸಕ್ಕರೆ ಕಾಯಿಲೆಯೂ ಇದೆ. ಒಂದು ವರ್ಷ ಸಂಜೆ ಗುಳಿಗೆ ತಗೊಂಡು ಬಂದಿದ್ದರು. ಖಾನಾವಳಿಯಲ್ಲಿ ಗದ್ದಲ ಇತ್ತು. "ಇರ್ಲಿ ಬಿಡೊ, ಆಟ ಮುಗದ ಮ್ಯಾಲೆ ಉಣ್ಣೋಣು" ಅಂದರು. ನಾವೂ ಹೂಂ ಅಂದ್ವಿ. ಎರಡನೇ ಹಾಡಿನ ಹೊತ್ತಿಗೆ ಆ ಚಳಿಯಲ್ಲೂ ಅಂಗಿ ಬೆವರಿನಿಂದ ತೊಯ್ದಿತ್ತು, ಕೈ ನಡುಗುತ್ತಿತ್ತು, ಕರೆದರೆ ಸರಿಯಾಗಿ ಉತ್ತರ ಕೊಡುತ್ತಿರಲಿಲ್ಲ. ಪಕ್ಕದಲ್ಲಿ ಕೂತ ಯಾರೋ ಅಜ್ಜಿ ತನ್ನ ಚೀಲದಿಂದ ಬತ್ತಾಸು ತೆಗೆದು ಕೊಟ್ಟಳು. ಒಂದೊಂದೇ ಬಾಯಿಗೆ ಹಾಕಿದ್ವಿ. ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟು "ಯಾಕೊ, ಹೀರೋಯಿನ್ ಹೋದಳೇನು?" ಅಂದರು. ಅವತ್ತು ನಕ್ಕೆವು. ಆಮೇಲೆ ಡಾಕ್ಟರು ಹೇಳಿದ್ದು ಕೇಳಿ ನಗು ನಿಂತಿತು. ಗುಳಿಗೆ ಅಥವಾ ಇನ್ಸುಲಿನ್ ತಗೊಂಡ ಮೇಲೆ ಊಟ ತಪ್ಪಿಸಿದರೆ ಸಕ್ಕರೆ ಅಂಶ ಪೂರ್ತಿ ಕೆಳಗಿಳಿದು ಜೀವಕ್ಕೇ ಬರಬಹುದು.

ಅದಕ್ಕೆ ಔಷಧಿ ತಗೊಂಡವರು ಆಟ ತಪ್ಪಿದರೂ ಸರಿ, ಊಟ ತಪ್ಪಿಸಬೇಡಿ. ಜೇಬಲ್ಲಿ ಬತ್ತಾಸು ಇಲ್ಲವೇ ಸಕ್ಕರೆ ಪೊಟ್ಟಣ ಇರಲಿ. ಬೆವರು, ನಡುಕ, ತಲೆಸುತ್ತು ಬಂದರೆ ತಕ್ಷಣ ಮೂರ್ನಾಲ್ಕು ಚಮಚದಷ್ಟು ಸಕ್ಕರೆ ತಿನ್ನಿ, ಆಮೇಲೆ ಊಟ ಮಾಡಿ. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನೂ ಹಾಕಬೇಡಿ, 108ಕ್ಕೆ ಫೋನ್ ಮಾಡಿ.

ಹೆಣ್ಮಕ್ಕಳ ಕಷ್ಟ

2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಹೆಣ್ಮಕ್ಕಳಿಗೆ ಸರ್ಕಾರಿ ಬಸ್ ಚಾರ್ಜಿನ ಚಿಂತೆ ಇಲ್ಲ. ಆದರೆ ಶೌಚಾಲಯ ಇಲ್ಲ ಅನ್ನೋ ಒಂದೇ ಕಾರಣಕ್ಕೆ ಎಷ್ಟೋ ಜನ ಮಧ್ಯಾಹ್ನದಿಂದಲೇ ನೀರು ಕುಡಿಯೋದು ಬಿಡ್ತಾರೆ, ಊಟವೂ ಅರೆಹೊಟ್ಟೆ. ನಮ್ಮ ಅವ್ವನೂ ಹಾಗೇ. ಹೆಣ್ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಊಟ ಬಾದಾಮಿ ಊರೊಳಗೆ ಮುಗಿಸಿ ಬರೋದೇ ವಾಸಿ. ವಾಪಸ್ ಹೋಗೋ ಕಡೇ ಬಸ್ ಎಷ್ಟೊತ್ತಿಗೆ ಅಂತ ಬಸ್ ಸ್ಟ್ಯಾಂಡ್‌ನಲ್ಲೇ ಕೇಳಿಕೊಳ್ಳಿ.

ಅಂಗಡಿ, ಖಾನಾವಳಿಯವರಿಗೆ ನಾಲ್ಕು ಮಾತು

• ಹತ್ತಿರದ ಥಿಯೇಟರ್‌ಗಳ ಆಟದ ಟೈಮ್ ಒಂದು ಹಲಗೆ ಮೇಲೆ ಬರೆದು ನೇತುಹಾಕಿ. ಗಿರಾಕಿ ತಾನಾಗಿಯೇ ಬೇಗ ಬರ್ತಾನೆ, ನಿಮ್ಮ ಗದ್ದಲವೂ ಹಂಚಿಹೋಗುತ್ತದೆ.

• ಊಟದ ರೇಟು, ರೊಟ್ಟಿ ಲೆಕ್ಕ ಎದುರಿಗೇ ಕಾಣುವಂತೆ ಬರೆಯಿರಿ.

• ಅವಸರದವರಿಗೆ ಎರಡು ರೊಟ್ಟಿ, ಪಲ್ಯ, ಮಜ್ಜಿಗೆಯ ಸಣ್ಣ ತಾಟು ಇಡಿ. ಪೂರ್ತಿ ಊಟಕ್ಕೆ ಟೈಮ್ ಇಲ್ಲ ಅಂತ ಎದ್ದುಹೋಗೋ ಗಿರಾಕಿ ಉಳಿಯುತ್ತಾನೆ.

• ಮನೆ ಬಳಕೆಯ 14.2 ಕೆ.ಜಿ. ಸಿಲಿಂಡರ್ ವ್ಯಾಪಾರಕ್ಕೆ ಬಳಸುವಂತಿಲ್ಲ, 19 ಕೆ.ಜಿ.ಯ ಕಮರ್ಷಿಯಲ್ ಇರಬೇಕು. ಸುತ್ತ ಎಲ್ಲಾ ಬಟ್ಟೆ, ತಾಡಪತ್ರಿ; ಒಂದು ಕಿಡಿ ಸಾಕು. ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ 2022ರ ಜುಲೈ 1ರಿಂದ ನಿಷೇಧ. ಎಲೆ ಪತ್ರಾವಳಿ ಇಡಿ.

ಕೊನೆಗೆ

ಕಂಪನಿಯವರಿಗೆ ವರ್ಷದ ದೊಡ್ಡ ದುಡಿಮೆ ಅಂದರೆ ಇಂಥ ಜಾತ್ರೆಗಳೇ. ಖಾನಾವಳಿಯವರಿಗೂ, ರೊಟ್ಟಿ ಬುಟ್ಟಿಯ ಹೆಣ್ಮಕ್ಕಳಿಗೂ ಅಷ್ಟೇ. ನೀವು ಒಂದು ತಾಸು ಮುಂಚೆ ಮನೆ ಬಿಟ್ಟರೆ ಮೂವರಿಗೂ ಅನುಕೂಲ. ಪರದೆ ಎದ್ದ ಮೇಲೆ ಕತ್ತಲಲ್ಲಿ ಮಂದಿ ಕಾಲು ತುಳಿಯುತ್ತಾ ಕುರ್ಚಿ ಹುಡುಕೋದು ತಪ್ಪುತ್ತದೆ. ಮೂರನೇ ಬೆಲ್ ಹೊಡೆಯೋ ಹೊತ್ತಿಗೆ ಹೊಟ್ಟೆ ತುಂಬಿರಲಿ, ಬಾಯಲ್ಲಿ ಎಲೆ ಅಡಿಕೆ ಇರಲಿ. ನಾಂದಿ ಹಾಡಿನಿಂದಲೇ ನಾಟಕ ನೋಡ್ರಿ.