ಸಮುದಾಯ ಒಡೆತನ ನಿಧಿ (ಬ್ರಿಟನ್)

ಮುಚ್ಚಿಹೋಗುವ ಅಥವಾ ಊರಿನವರ ಬಳಕೆಗೆ ತಪ್ಪಿಹೋಗುವ ಅಪಾಯದಲ್ಲಿರುವ ಕಟ್ಟಡ, ಮೈದಾನಗಳನ್ನು ಸ್ಥಳೀಯ ಲಾಭರಹಿತ ಸಂಘಗಳು ಕೊಳ್ಳಲು ಇಲ್ಲವೇ ನವೀಕರಿಸಲು ಬ್ರಿಟನ್ ಸರ್ಕಾರ ಕೊಡುತ್ತಿದ್ದ ಅನುದಾನ. 15 ಕೋಟಿ ಪೌಂಡ್‌ಗಳ ಈ ಯೋಜನೆಯನ್ನು 2021ರ ಮಾರ್ಚ್ ಬಜೆಟ್‌ನಲ್ಲಿ ಘೋಷಿಸಲಾಯಿತು. ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್ ಮತ್ತು ಉತ್ತರ ಐರ್ಲೆಂಡ್‌ಗಳಿಗೆ ಇದು ಅನ್ವಯಿಸುತ್ತಿತ್ತು.

ಹಿನ್ನೆಲೆ: ಇಂಗ್ಲೆಂಡಿನ ಜನರಿಗೆ ಊರಿನ ಪಬ್, ಅಂಗಡಿ, ಸಭಾಭವನ ಮೊದಲಾದವನ್ನು ‘ಸಮುದಾಯ ಮೌಲ್ಯದ ಆಸ್ತಿ’ ಎಂದು ಪಟ್ಟಿಗೆ ಸೇರಿಸುವಂತೆ ಕೋರುವ ಹಕ್ಕನ್ನು 2011ರ ಲೋಕಲಿಸಂ ಕಾಯಿದೆ ನೀಡಿತು. ಇಂಥ ಆಸ್ತಿ ಮಾರಾಟಕ್ಕೆ ಬಂದಾಗ ಸಂಘವೊಂದು ಆರು ವಾರಗಳೊಳಗೆ ಆಸಕ್ತಿ ತಿಳಿಸಿದರೆ, ಮಾರಾಟವನ್ನು ಒಟ್ಟು ಆರು ತಿಂಗಳು ತಡೆಹಿಡಿಯಲಾಗುತ್ತದೆ. ಆದರೆ ಸಂಘಕ್ಕೇ ಮಾರಬೇಕೆಂಬ ಕಟ್ಟುಪಾಡು ಮಾಲೀಕನಿಗಿಲ್ಲ. ಸ್ಕಾಟ್ಲೆಂಡಿನ 2003ರ ಭೂಸುಧಾರಣಾ ಕಾಯಿದೆ ಇದಕ್ಕಿಂತ ಬಿಗಿ: ನೋಂದಾಯಿತ ಸಮುದಾಯ ಸಂಸ್ಥೆಗೆ ಕೊಳ್ಳುವ ಮೊದಲ ಅವಕಾಶ ಸಿಗುತ್ತದೆ. ಎರಡೂ ಕಡೆ ಹಕ್ಕಿದ್ದರೂ ಹಣ ಹೊಂದಿಸುವುದು ಸಣ್ಣ ಸಂಘಗಳಿಗೆ ಕಷ್ಟ. ಆ ಕೊರತೆ ನೀಗಿಸುವುದೇ ನಿಧಿಯ ಗುರಿಯಾಗಿತ್ತು.

ಕಾರ್ಯವಿಧಾನ: ಆರಂಭದಲ್ಲಿ ಬಹುತೇಕ ಯೋಜನೆಗಳಿಗೆ 2.5 ಲಕ್ಷ ಪೌಂಡ್‌ಗಳ ಮಿತಿಯಿತ್ತು. ಅನುದಾನಕ್ಕೆ ಸರಿಸಮನಾದ ಮೊತ್ತವನ್ನು ಸಂಘವೂ ತರಬೇಕಿತ್ತು. ಬಡ ಪ್ರದೇಶಗಳಿಗೆ ಇದು ಹೊರೆಯಾಯಿತು. 2023ರಲ್ಲಿ ಮಿತಿಯನ್ನು 10 ಲಕ್ಷ ಪೌಂಡ್‌ಗಳಿಗೆ ಏರಿಸಿ, ಸಂಘದ ಪಾಲನ್ನು ಶೇ 20ಕ್ಕೆ ಇಳಿಸಲಾಯಿತು. ಹಣದ ಬಹುಪಾಲು ಖರೀದಿ, ದುರಸ್ತಿಗಳಿಗೆ ಮೀಸಲಾಗಿತ್ತು. ದೈನಂದಿನ ನಿರ್ವಹಣೆಗೆ ಸಿಗುತ್ತಿದ್ದುದು ಅಲ್ಪ. ಹಾಗಾಗಿ ಬಾಡಿಗೆ, ವ್ಯಾಪಾರ, ಸದಸ್ಯರ ಷೇರುಗಳಂಥ ಆದಾಯದ ಮೂಲಗಳನ್ನು ಅರ್ಜಿಯಲ್ಲಿ ತೋರಿಸಬೇಕಿತ್ತು.

2024ರ ಡಿಸೆಂಬರ್‌ನಲ್ಲಿ ಲೇಬರ್ ಸರ್ಕಾರ ಕೊನೆಯ ಸುತ್ತಿನ ಅನುದಾನ ಪ್ರಕಟಿಸಿ ನಿಧಿಯನ್ನು ಮುಕ್ತಾಯಗೊಳಿಸಿತು.